ಟ್ಯಾಂಕಿನ ಮುಂದೆ ನಡೆಯುವವನು

ಕರಿಯಣ್ಣನದೊಡ್ಡಿಯ ಅಶ್ವಥ್ ಒಂದು ಕಡೆ ಸುಮ್ಮನೆ ಕೂತಿದ್ದನ್ನು ಅವನ ಹೆತ್ತ ತಾಯಿಯೇ ಕಂಡಿಲ್ಲ. ಊಟಕ್ಕೆ ಕೂತರೆ ಮುದ್ದೆ ಮುರಿಯುವಷ್ಟರಲ್ಲಿ ಎದ್ದು ಬಾಗಿಲಾಚೆ ಇಣುಕಿ ಬರಬೇಕು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಫುಟ್‌ಬೋರ್ಡಿನಲ್ಲೇ ನಿಲ್ಲಬೇಕು. ಮದುವೆಯ ದಿನ ಹಸೆಮಣೆಯಿಂದ ಎರಡು ಸಲ ಎದ್ದು, ಪುರೋಹಿತರು ಗದರಿದ ಮೇಲೆ ಕೂತನಂತೆ. "ನನ್ ಮಗ ಕಾಲಿಗೆ ಚಕ್ರ ಕಟ್ಕೊಂಡೇ ಉಟ್ಟವ್ನೆ ಕನವ್ವ, ನಾನೇನೂ ಮಾಡಕ್ಕಾಗಲ್ಲ" ಎಂದು ತಾಯಿ ಕೆಂಚಮ್ಮ, ಸೊಸೆ ಬಂದ ಮೊದಲ ವಾರವೇ ಹೇಳಿ ಕೈತೊಳೆದುಕೊಂಡಿದ್ದಳು.

ಇಂಥವನಿಗೆ ಸಿಕ್ಕ ಕೆಲಸ ನೋಡಿ! ಮಂಗಳೂರಿನ ಬಂದರಿನಲ್ಲಿ ಹಡಗಿನಿಂದ ದೊಡ್ಡ ದೊಡ್ಡ ಟ್ಯಾಂಕುಗಳು ಇಳಿಯುತ್ತವೆ, ಕಾರ್ಖಾನೆಗಳಲ್ಲಿ ಕಾಳು ತುಂಬಿಡುವ ಸೈಲೋಗಳು ಇಳಿಯುತ್ತವೆ. ಒಂದೊಂದೂ ಮಲಗಿಸಿದರೆ ಎರಡು ಅಂತಸ್ತಿನ ಮನೆಯಷ್ಟು ಎತ್ತರ. ಅದನ್ನು ಹೊತ್ತ ತೊಂಬತ್ತಾರು ಚಕ್ರದ ಟ್ರೇಲರ್ ಘಾಟಿ ಹತ್ತಿ, ಹಾಸನ ದಾಟಿ ನಮ್ಮ ಸೀಮೆಗೆ ಬರುವ ಹೊತ್ತಿಗೆ ಮೂರು ವಾರವಾಗಿರುತ್ತದೆ. ಹಾದಿಯ ಮೇಲಿನ ಎಮ್ಮೆಗಳು ಅದನ್ನು ಹಿಂದೆ ಹಾಕಿ ಹೋಗುತ್ತವೆ, ತಮಾಷೆಯಲ್ಲ. ಅದರ ಮುಂದೆ ಹಸಿರು ಬಾವುಟ ಹಿಡಿದು ಸೀಟಿ ಊದುತ್ತ ನಡೆಯುವುದು ಅಶ್ವಥನ ಕೆಲಸ.

ಬರೀ ನಡೆಯುವುದಾಗಿದ್ದರೆ ಯಾರು ಬೇಕಾದರೂ ನಡೆದಾರು. ಹದಿನೈದು ದಿನ ಮೊದಲೇ ಬೈಕಿನಲ್ಲಿ ಹೋಗಿ, ಟೇಪು ಹಿಡಿದು, ಯಾವ ಸೇತುವೆ ಎಷ್ಟು ಎತ್ತರ, ಯಾವ ತಿರುವು ಎಷ್ಟು ಅಗಲ ಎಂದು ಬರೆದುಕೊಂಡು ಬರಬೇಕು. ಆಮೇಲೆ ದಾರಿಯುದ್ದಕ್ಕೂ ಜನರನ್ನು ಒಪ್ಪಿಸಬೇಕು. ತಂತಿ ಎತ್ತಿಸಬೇಕು, ಕೊಂಬೆ ಕಡಿಸಬೇಕು, ಗೋಡೆ ಅಡ್ಡ ಬಂದರೆ ಮನೆಯವರ ಕೈಕಾಲು ಹಿಡಿದು ಕೆಡವಿಸಬೇಕು. ಬೆಲ್ಲದಂಥ ನಾಲಿಗೆ ಅವನದು. "ಅಮ್ಮಾ, ಎಂಟೇ ಎಂಟು ದಿನ. ಇದ್ದಂಗೇ ಕಟ್ಟುಸ್ಕೊಡ್ತೀವಿ. ನನ್ ನಂಬರ್ ಮಡಿಕ್ಕಳಿ, ನಂದು ಗ್ಯಾರಂಟಿ" ಎಂದು ಎದೆ ಮುಟ್ಟಿಕೊಂಡು ಹೇಳಿದನೆಂದರೆ ಎಂಥ ಜಗಳಗಂಟಿಯೂ ಕರಗಿಬಿಡುತ್ತಿದ್ದಳು. ಗೋಡೆಯ ಜೊತೆಗೆ ಕಾಫಿಯನ್ನೂ ಕೊಟ್ಟವರಿದ್ದಾರೆ.

ಟ್ಯಾಂಕು ದಾಟಿತೆಂದರೆ ಅಶ್ವಥನ ಮನಸ್ಸು ಮುಂದಿನ ತಿರುವಿನಲ್ಲಿ. ಕೆಡವಿದ ಗೋಡೆಯ ಪಟ್ಟಿಯನ್ನು ಆಫೀಸಿಗೆ ಕಳಿಸುತ್ತಿದ್ದ, ಅದೇನೋ ನಿಜ. ಆಫೀಸಿನವರು ಗಾರೆಯವರನ್ನು ಕಳಿಸಿದರೋ, ಪಟ್ಟಿಯನ್ನು ಮಡಿಸಿ ಮೇಜಿನ ಕಾಲಿಗೆ ಕೊಟ್ಟರೋ, ಯಾರಿಗೆ ಗೊತ್ತು? ಕೇಳಲು ಈ ಪುಣ್ಯಾತ್ಮ ಒಂದು ಕಡೆ ನಿಂತಿದ್ದರೆ ತಾನೇ!

ಈ ಸಲದ ಟ್ಯಾಂಕು ಹಾರೋಹಳ್ಳಿಯ ಕಾರ್ಖಾನೆಗೆ ಹೋಗಬೇಕಾಗಿದ್ದದ್ದು. ಹದಿನೇಳು ಅಡಿ ಅಗಲ. ಕುಣಿಗಲ್‌ನಿಂದ ಮಾಗಡಿ ಮೇಲೆ ರಾಮನಗರಕ್ಕೆ ಇಳಿಯುವುದೆಂದು ಗೊತ್ತಾಗಿತ್ತು. ಅಷ್ಟರಲ್ಲಿ ಮಾಗಡಿ ದಾಟಿದ ಮೇಲಿನ ಒಂದು ಸೇತುವೆಯನ್ನು ರಿಪೇರಿಗೆಂದು ಅಗೆದುಬಿಟ್ಟರು. ಆಫೀಸಿನ ಸಾಹೇಬರು ತಲೆ ಕೆರೆದುಕೊಳ್ಳುತ್ತ ಕೂತಿದ್ದಾಗ ಅಶ್ವಥ್ ಫೋನಿನಲ್ಲೇ ಮುನ್ನುಗ್ಗಿ ಹೇಳಿದ. "ನಮ್ಮೂರ್ ಮ್ಯಾಲೆ ಒಂದು ರಸ್ತೆ ಐತೆ ಸಾರ್. ಅಳತೆ ನನ್ ತಲೇಲೇ ಐತೆ. ಭಾರಿ ಇಕ್ಕಟ್ಟು ಅಂದ್ರೆ ನಮ್ಮನೆ ಮುಂದೆ, ಅಲ್ಲೇ ಅತ್ತೊಂಬತ್ತಡಿ ಐತೆ."

ಅಳತೆ ತಲೆಯಲ್ಲಿದ್ದದ್ದು ನಿಜ. ನಾಲ್ಕು ವರ್ಷದ ಹಿಂದೆ ಟೇಪು ಹೊಸದಾಗಿ ಬಂದಾಗ ಅಳೆದದ್ದು. ಈ ಸಲ ಬೈಕಿನಲ್ಲಿ ಸರ್ವೆಗೆ ಬಂದವನು ಸೇತುವೆ, ಮೋರಿ, ತಿರುವು ಎಲ್ಲವನ್ನೂ ಅಳೆದ, ತನ್ನ ಬೀದಿಯಲ್ಲಿ ಮಾತ್ರ ಕೆಳಗಿಳಿಯಲಿಲ್ಲ. ಹುಟ್ಟಿದ ಬೀದಿಯನ್ನು ಯಾರಾದರೂ ಅಳೆಯುತ್ತಾರೆಯೇ? ಪುಸ್ತಕದಲ್ಲಿ ಹತ್ತೊಂಬತ್ತು ಎಂದು ಬರೆದು ಹಾರನ್ ಹೊಡೆದು ಹೋದ. ಒಳಗಿನ ಮಾತು ಬೇರೆಯೇ ಇತ್ತು. ಇಪ್ಪತ್ತು ವರ್ಷದಿಂದ ಊರಿನವರು ಅವನನ್ನು ಅಲೆಮಾರಿ ಎನ್ನುತ್ತಿದ್ದರು. ಹಾಡುಹಗಲಿನಲ್ಲಿ, ಅವರೆಲ್ಲರ ಕಣ್ಣೆದುರು, ಆ ಬೆಳ್ಳಗೆ ಹೊಳೆಯುವ ಟ್ಯಾಂಕಿನ ಮುಂದೆ ಒಂದು ಸಲ ನಡೆಯಬೇಕೆಂದು ಅವನಿಗೆ ಬಹಳ ಆಸೆಯಿತ್ತು.

ನಡೆದ. ಬೆಳಿಗ್ಗೆ ಹತ್ತರ ಹೊತ್ತಿಗೆ ಊರಿಗೆ ಊರೇ ಬೀದಿಯಲ್ಲಿತ್ತು. ಕೆಂಚಮ್ಮ ಒಗೆದ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದಳು. ಅಶ್ವಥ್ ಯಾರ ಮುಖವನ್ನೂ ನೋಡದವನಂತೆ ಬಾವುಟ ಬೀಸುತ್ತ, ಆದರೆ ಎಲ್ಲರ ಮುಖವನ್ನೂ ನೋಡುತ್ತ ಬಂದ. ತನ್ನ ಮನೆಯ ಮುಂದೆ ಬಂದಾಗಲಂತೂ ಸೀಟಿಯನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಊದಿದ.

"ಅಶ್ವಥಣ್ಣ, ನಿಲ್ಲು! ಇಡಿಯಕ್ಕಿಲ್ಲ ಕನಣ್ಣ!" ಮೇಲಿನಿಂದ ಡ್ರೈವರ್ ಮುನೇಶ್ ಕೂಗಿಕೊಂಡ. ತೊಂಬತ್ತಾರು ಚಕ್ರಗಳೂ ನಿಂತವು.

ಒಂದು ಪಕ್ಕ ಕರೆಂಟಿನ ಟ್ರಾನ್ಸ್‌ಫಾರ್ಮರ್, ಅದನ್ನು ಮುಟ್ಟುವಂತಿಲ್ಲ. ಇನ್ನೊಂದು ಪಕ್ಕ ಅಶ್ವಥನದೇ ಮನೆ, ಮನೆಯ ಮುಂಭಾಗಕ್ಕೆ ಅವನ ಹೆಂಡತಿ ಪ್ರತಿಮಾ ಕಟ್ಟಿಸಿದ ಹೊಲಿಗೆ ಕೋಣೆ. ಟೇಪು ಹಿಡಿದು ನೋಡಿದ. ಹದಿನಾರು ಮುಕ್ಕಾಲು ಅಡಿ. ಮತ್ತೊಮ್ಮೆ ಹಿಡಿದ. ಹದಿನಾರು ಮುಕ್ಕಾಲೇ. ಮೂರು ಇಂಚು ಸಾಲದು!

ಆ ಕೋಣೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಕಟ್ಟಿ ಒಂದು ವರ್ಷವಾಗಿತ್ತು. ರವಿಕೆ ಹೊಲಿದು, ಸೀರೆಗೆ ಕುಚ್ಚು ಕಟ್ಟಿ ಪ್ರತಿಮಾ ತಾನೇ ದುಡಿದು ಎಬ್ಬಿಸಿದ ಕೋಣೆ. ಊರಿನ ಮೂರು ಹೆಣ್ಣುಮಕ್ಕಳು ಅಲ್ಲಿ ಕುಚ್ಚು ಕಲಿಯಲು ಬರುತ್ತಿದ್ದರು. ಅಶ್ವಥ್ ಯುಗಾದಿಗೆ ಬಂದಾಗ ಅದೇ ಕೋಣೆಯಲ್ಲಿ ಎರಡು ದಿನ ಮಲಗೆದ್ದು ಹೋಗಿದ್ದ. ಕಂಡವರ ಗೋಡೆಯನ್ನು ಇಂಚು ಬಿಡದೆ ಅಳೆಯುವ ಕಣ್ಣು, ಸ್ವಂತ ಮನೆಗೆ ಬಂದಾಗ ರಜೆ ಹಾಕಿಬಿಡುತ್ತಿತ್ತು.

ಸಾಹೇಬರಿಗೆ ಫೋನ್ ಮಾಡಿದ. ಹಿಂದಕ್ಕೆ ತೆಗೆಯುವ ಮಾತೇ ಇಲ್ಲ, ಹೊಲದ ತಿರುವಿನಲ್ಲಿ ಟ್ಯಾಂಕು ಪಲ್ಟಿಯಾದೀತು. ಪರ್ಮಿಟ್ಟು ನಾಳೆ ಸಂಜೆಗೆ ಮುಗಿಯುತ್ತದೆ. "ನಾಳೆ ಸಂಜೆಯೊಳಗೆ ಹಾರೋಹಳ್ಳಿ ಸೇರಿಸು. ಇಲ್ಲದಿದ್ದರೆ ಇನ್ನು ಬಂದರಿನ ಕಡೆ ತಲೆ ಹಾಕಬೇಡ" ಎಂದು ಸಾಹೇಬರು ಫೋನಿಟ್ಟರು. ಟ್ರೇಲರಿನ ಹಿಂದೆ ಮಾಗಡಿ ಬಸ್ಸು ನಿಂತು ಬೊಬ್ಬೆ ಹೊಡೆಯುತ್ತಿತ್ತು. ಅದರ ಹಿಂದೆ ಸ್ಕೂಲು ವ್ಯಾನು. ಅಶ್ವಥನಿಗೆ ಈ ಕೆಲಸ ಬಿಟ್ಟರೆ ಬೇರೆ ಕಸುಬು ಬರದು, ಬಂದರೂ ಕೂತು ಮಾಡಲಾರ. ಬೆವರು ಒರೆಸಿಕೊಂಡು ಕೋಣೆಯ ಒಳಗೆ ಹೋದ. ಕುಚ್ಚು ಕಟ್ಟುತ್ತಿದ್ದ ಮೂವರೂ ಕೈ ನಿಲ್ಲಿಸಿ ನೋಡಿದರು.

"ಅಮ್ಮಾ..." ಎಂದ, ಅಭ್ಯಾಸ ಬಲ. ತಕ್ಷಣ ನಾಲಿಗೆ ಕಚ್ಚಿಕೊಂಡ.

"ನಿಮ್ಮವ್ವ ಜಗ್ಲಿ ಮ್ಯಾಲವ್ರೆ" ಎಂದಳು ಪ್ರತಿಮಾ, ಮಷಿನ್ನಿನಿಂದ ತಲೆಯೆತ್ತದೆ.

"ಅಲ್ಲ ಕನೆ... ಈ ಮುಂದಿನ್ ಗೋಡೆ ಒಸಿ ತೆಗೀಬೇಕಾಯ್ತದೆ."

"ಒಸಿ ಅಂದ್ರೆ?"

"ಪೂರ್ತಿ." ಅವನಿಗೆ ಇದ್ದಕ್ಕಿದ್ದಂತೆ ರೇಗಿತು. "ಅಲ್ಲ, ಯಾರ್ ಯೋಳಿದ್ರು ಇಷ್ಟು ಮುಂದುಕ್ಕೆ ಕಟ್ಸು ಅಂತ? ಎರಡೂಕಾಲಡಿ ಬೀದಿಗೆ ಬಂದೈತೆ! ತಲೆ ಬ್ಯಾಡ್ವಾ?"

ಪ್ರತಿಮಾ ಮಷಿನ್ ನಿಲ್ಲಿಸಿದಳು. "ನೀವೇ ಯೋಳಿದ್ದು. ಮೇಸ್ತ್ರಿ ದಾರ ಇಡ್ಕೊಂಡು ನಿಂತಿದ್ದ. ಗೋಡೆ ಎಲ್ಲಿಗೆ ಬರ್ಲಿ ಅಂತ ನಿಮಗೇ ಫೋನ್ ಮಾಡಿ ಕೇಳ್ದೆ. 'ನಿಂಗೆಷ್ಟು ಬೇಕೋ ಅಷ್ಟು ಎಳ್ಕೊ, ನಾನು ಘಾಟಿಲಿವ್ನಿ' ಅಂದು ಮಡಗುಬುಟ್ರಿ."

"ಊಂ ಕಣ್ಲಾ, ನಾನೂ ಕೇಳುಸ್ಕೊಂಡೆ" ಎಂದಳು ಜಗಲಿಯಿಂದ ಕೆಂಚಮ್ಮ. ಕಿವಿ ಕೇಳದೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಹೆಂಗಸು!

ಬಾಯಿಗೆ ಬಂದದ್ದು ದಾರಿಯುದ್ದಕ್ಕೂ ಹೇಳುವ ಮಾತೇ. "ಎಂಟೇ ದಿನ ಕನೆ. ಇದ್ದಂಗೇ ಕಟ್ಟುಸ್ಕೊಡ್ತೀನಿ. ನಂದು ಗ್ಯಾರಂಟಿ" ಎಂದು ಎದೆ ಮುಟ್ಟಿಕೊಂಡ.

ಪ್ರತಿಮಾ ಅವನನ್ನೇ ನೋಡಿದಳು. ಕೈಚಾಚಿ, "ಫೋನ್ ಕೊಡಿ ಇಲ್ಲಿ" ಎಂದಳು. ಅವನು ಒಪ್ಪಿಸಿದವರ ಹೆಸರನ್ನೆಲ್ಲ ಫೋನಿನಲ್ಲಿ ಹೇಗೆ ಇಟ್ಟುಕೊಂಡಿದ್ದನೆಂದು ಅವಳಿಗೆ ಗೊತ್ತಿತ್ತು. 'ಕೊಂಬೆ ನರಸಯ್ಯ', 'ಗೇಟು ಮಮತಾ', ಹೀಗೆ. ಅವಳು 'ಗೋಡೆ' ಎಂದು ಹುಡುಕಿದಳು. ಉದ್ದಕ್ಕೆ ಪಟ್ಟಿ ಬಂತು. "ಇವ್ರಲ್ಲಿ ಯಾರಿಗೆ ಕಟ್ಟುಸ್ಕೊಟ್ಟಿದ್ದೀರಿ, ಒಬ್ರುನ್ನ ಯೋಳಿ. ಕೇಳಿಬುಟ್ಟು, ಗೋಡೆ ಒಡ್ಯಕ್ಕೆ ನಾನೇ ಆರೆ ತಂದುಕೊಡ್ತೀನಿ."

ಅಶ್ವಥ್ ಕೈಯಲ್ಲಿದ್ದ ಟೇಪನ್ನು ಸುತ್ತತೊಡಗಿದ. ಅವಳು ಕಣ್ಣಿಗೆ ಬಿದ್ದ ಒಂದು ಹೆಸರು ಒತ್ತಿ ಸ್ಪೀಕರಿಗೆ ಹಾಕಿದಳು. 'ಗೋಡೆ ದೊಡ್ಡಲಕ್ಷ್ಮಮ್ಮ'. ಚನ್ನರಾಯಪಟ್ಟಣದ ಆಚೆ, ಹೆದ್ದಾರಿ ಬಿಟ್ಟು ಹಳ್ಳಿ ದಾರಿ ಹಿಡಿದಾಗ ಸಿಕ್ಕ ಮುದುಕಿ.

ಎರಡನೇ ರಿಂಗಿಗೇ ಎತ್ತಿದಳು. "ಯಾರು, ಅಶ್ವಥಣ್ಣನಾ? ಅಯ್ಯೋ, ಸದ್ಯ ಫೋನ್ ಮಾಡ್ದೆಲ್ಲಪ್ಪ! ಕೆಲ್ಸದಾಗೆ ಇರ್ತೀಯ ಅಂತ ನಾನೂ ಜಾಸ್ತಿ ಮಾಡ್ಲಿಲ್ಲ. ಗಾರೆಯೋರು ಯಾವತ್ತು ಬತ್ತಾರೆ? ಅನ್ನೊಂದು ತಿಂಗ್ಳಾಯ್ತು ಕನಪ್ಪ. ಬಚ್ಚಲ್ಗೆ ಸೀರೆ ಕಟ್ಕೊಂಡಿವ್ನಿ. ಹಗ್ಲೊತ್ತು ನೀರು ಉಯ್ಕಳಕ್ಕೆ ನಾಚ್ಕೆ. ಮಗ್ಳು ಬತ್ತೀನಿ ಅಂದ್ಳು, ಗೋಡೆ ಎದ್ದ್ಮ್ಯಾಲೆ ಬಾರವ್ವ ಅಂದೆ. ಬತ್ತಾರೆ ಅಲ್ವಾ?"

ಆ ದನಿಯಲ್ಲಿ ಒಂದು ಚೂರು ಸಿಟ್ಟಿರಲಿಲ್ಲ. ಬೈದಿದ್ದರೆ ಅಶ್ವಥ್ ತಡೆದುಕೊಳ್ಳುತ್ತಿದ್ದ, ಬೈಸಿಕೊಳ್ಳುವುದು ಅವನ ಕಸುಬಿನಲ್ಲೇ ಸೇರಿತ್ತು. ಆ ಹೆಣ್ಣುಮಕ್ಕಳ ಮುಂದೆ, ಹೆಂಡತಿಯ ಮುಂದೆ ಅವನಿಗೆ ಮೈಯೆಲ್ಲ ನಾಚಿಕೆಯಾಯಿತು. ಯಾರೂ ಹೇಳದೆಯೇ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟ.

"ಬತ್ತಾರೆ ಕನಮ್ಮ" ಎಂದು ಪ್ರತಿಮಾಳೇ ಹೇಳಿ ಫೋನಿಟ್ಟಳು. ಎದ್ದು ಮಷಿನ್ನಿನ ಮೇಲಿನ ಬಟ್ಟೆಗಳನ್ನು ಮಡಿಸತೊಡಗಿದಳು. "ಗೋಡೆ ಒಡ್ಕಳಿ. ಸ್ಕೂಲು ಮಕ್ಳು ಬಿಸ್ಲಲ್ಲಿ ಕುಂತವೆ. ಆದ್ರೆ ಒಂದು ಮಾತು. ಮೊದ್ಲು ಆಯಮ್ಮನ್ ಬಚ್ಚಲು. ಅದು ಆಗೋವರ್ಗೂ ಇಲ್ಲಿ ಒಂದು ಇಟ್ಗೆ ಮುಟ್ಟಂಗಿಲ್ಲ. ಬೀದಿಗೆ ಕಾಣಂಗೇ ಕುಂತು ಹೊಲೀತೀನಿ, ನಿಮ್ ಗ್ಯಾರಂಟಿ ಎಂಥದ್ದು ಅಂತ ಊರೂ ನೋಡ್ಲಿ."

ಮಷಿನ್ನು, ದಾರದ ಉಂಡೆಗಳು, ಅರ್ಧ ಕಟ್ಟಿದ ಸೀರೆಗಳು ಒಳಮನೆಗೆ ಹೋದವು. ಹಾರೆಯ ಮೊದಲ ಏಟು ಅಶ್ವಥನದೇ. ಒಂದೂವರೆ ಗಂಟೆಯಲ್ಲಿ ಗೋಡೆ ನೆಲಸಮ. ಮುನೇಶ್ ಉಸಿರು ಬಿಗಿಹಿಡಿದು ಟ್ರೇಲರನ್ನು ಇಂಚಿಂಚು ದಾಟಿಸಿದ. ಊರಿನವರು ಚಪ್ಪಾಳೆ ತಟ್ಟಿದರು. ಅಶ್ವಥನಿಗೆ ಅದು ಬೇಕಾಗಿರಲಿಲ್ಲ.

ಮಾರನೆಯ ದಿನ ನಾಲ್ಕು ಗಂಟೆಗೇ ಟ್ಯಾಂಕು ಹಾರೋಹಳ್ಳಿ ಸೇರಿತು. ಸಾಹೇಬರು ಭೇಷ್ ಎಂದರು. ಬಂದರಿನಲ್ಲಿ ಇನ್ನೆರಡು ಇಳಿದಿವೆ, ಸೋಮವಾರವೇ ಹೊರಡು ಎಂದರು.

"ಒಂದು ಬಚ್ಚಲು ಕಟ್ಟೋದೈತೆ ಸಾರ್."

"ಏನು? ಯಾರದ್ದು?"

"ನಾವು ಕೆಡ್ವುದ್ದು ಸಾರ್. ಪಟ್ಟಿ ಕಳ್ಸಿದ್ನಲ್ಲ. ಅದು ಮುಗೀದೆ ಬರಕ್ಕಾಗಲ್ಲ" ಎಂದ. ಬೈಗುಳ ಮುಗಿಯುವವರೆಗೆ ಫೋನನ್ನು ಕಿವಿಯಿಂದ ದೂರ ಹಿಡಿದು ನಿಂತಿದ್ದ. ಕೆಲಸ ಉಳಿಯಿತೋ ಹೋಯಿತೋ ಅವನಿಗೇ ತಿಳಿಯಲಿಲ್ಲ.

ದೊಡ್ಡಲಕ್ಷ್ಮಮ್ಮನ ಊರಿನಲ್ಲೇ ಒಬ್ಬ ಗಾರೆಯವನು ಸಿಕ್ಕ. ಅಶ್ವಥ್ ಅವನಿಗೆ ಇಟ್ಟಿಗೆ ಹೊತ್ತ, ಸಿಮೆಂಟು ಕಲಸಿದ. ಮೊದಲ ದಿನ ಅರ್ಧ ಗಂಟೆಗೊಂದು ಸಲ ರಸ್ತೆಗೆ ಹೋಗಿ ಲಾರಿಗಳನ್ನು ನೋಡಿ ಬಂದ. "ಕುಂತ್ಕಳಪ್ಪ, ಗೋಡೆ ಏನು ಓಡೋಯ್ತದಾ?" ಎಂದು ಮುದುಕಿ ನಕ್ಕಳು. ಕಾಲು ಚಡಪಡಿಸಿತು, ತಡೆದುಕೊಂಡ. ರಾತ್ರಿ ಜಗಲಿಯಲ್ಲಿ ಮಲಗಿದರೆ ನಿದ್ದೆ ಹತ್ತದು. ಮೂರನೆಯ ದಿನ ಮಧ್ಯಾಹ್ನಕ್ಕೆ ಗೋಡೆ ಎದ್ದು ನಿಂತಿತು. ಅಬ್ಬಾ, ಮುಗಿಯಿತಲ್ಲ! ಅದರ ಪಕ್ಕ ದೊಡ್ಡಲಕ್ಷ್ಮಮ್ಮನನ್ನು ನಿಲ್ಲಿಸಿ ಫೋಟೋ ತೆಗೆದು ಪ್ರತಿಮಾಗೆ ಕಳಿಸಿದ. ಚೀಲ ಹೆಗಲಿಗೇರಿಸಿದ. ಆಗಲೇ ಕುಣಿಗಲ್ ಕಡೆಯ ಬಸ್ಸು ಬಂತು. ಇವನು ಕೈ ತೋರಿಸಿ ಓಡುತ್ತಿರುವಾಗ ಫೋನ್ ರಿಂಗಾಯಿತು.

"ಗೋಡೆ ಚೆಂದಾಗ್ ಬಂದೈತೆ" ಎಂದಳು ಪ್ರತಿಮಾ. "ಬಾಗ್ಲೆಲ್ಲಿ?"

ಅಶ್ವಥ್ ತಿರುಗಿ ನೋಡಿದ. ಹೊಸ ಗೋಡೆಯ ನಡುವೆ, ಬಾಗಿಲಿರಬೇಕಾದ ಕಡೆ, ಅದೇ ಹಳೆಯ ಸೀರೆ ತೂಗಾಡುತ್ತಿತ್ತು. "ಬುಡಪ್ಪ, ಅಷ್ಟೇ ಸಾಕು. ನೀನು ಒರ್ಡು, ಬಸ್ಸು ಓಯ್ತದೆ" ಎಂದು ಮುದುಕಿ ಕೂಗಿದಳು. ಕಂಡಕ್ಟರ್ ಫುಟ್‌ಬೋರ್ಡಿನಿಂದ ಬಾಗಿ, ಹತ್ತುತ್ತೀಯೋ ಇಲ್ಲವೋ ಎಂದು ಸೀಟಿ ಊದಿದ.

ಅಶ್ವಥ್ ಹೋಗು ಎಂದು ಕೈಯಾಡಿಸಿದ. ಬಸ್ಸು ಹೋಯಿತು. ವಾಪಸ್ಸು ಬಂದು ಚೀಲವನ್ನು ಜಗಲಿಯ ಮೇಲಿಟ್ಟು, "ಅಮ್ಮಾ, ಈ ಊರಲ್ಲಿ ಬಡಗಿ ಯಾರವ್ರೆ?" ಎಂದು ಕೇಳಿದ.