ಗಂಡನ ಕೈಲಿದ್ದ ಫೋನು

ಬಾಣಸವಾಡಿಯ ನಮ್ಮ ಮನೆಯಲ್ಲಿ ಕೂತು, ಬೆಟ್ಟದ ಮೇಲಿನ ಹಳ್ಳಿಯ ಬಸುರಿಯರನ್ನು ಫೋನಿನಲ್ಲೇ ವಿಚಾರಿಸಿಕೊಳ್ಳಬೇಕು ಎಂದು ನಮ್ಮ ಸಂಸ್ಥೆಯವರು ತೀರ್ಮಾನಿಸಿದಾಗ ನನಗೆ ಮೈಯೆಲ್ಲ ಉರಿಯಿತು. ಕಾರ್ಖಾನೆಯ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಮೇಲೆ ಈ ಸೇವಾ ಸಂಸ್ಥೆ ಸೇರಿದವಳು ನಾನು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡದೆ ಏನನ್ನೂ ಹೇಳಿ ಅಭ್ಯಾಸವಿಲ್ಲ. ಆದರೆ ಕೊರೊನಾ ಕಾಲ. ತಿಂಗಳಿಗೊಮ್ಮೆ ಹಲಸೂರಿನ ಆಫೀಸಿನಿಂದ ಹೊರಡುತ್ತಿದ್ದ ವ್ಯಾನು ನಿಂತಲ್ಲೇ ನಿಂತಿತ್ತು. ಹೋದರೂ ಒಳಗೆ ಬಿಡುವವರಿರಲಿಲ್ಲ. ಊರಿನವರು ಸೇರಿ ರಸ್ತೆಗೆ ಅಡ್ಡಲಾಗಿ ಮುಳ್ಳುಬೇಲಿ ಹಾಕಿದ್ದರು. ಹೊರಗಿನವರು ಬರಬಾರದು, ಹೊರಗೆ ಹೋದವರು ವಾಪಸ್ ಬರಬಾರದು. ಆಶಾ ಕಾರ್ಯಕರ್ತೆ ಪಕ್ಕದ ಊರಿನವಳು, ಅವಳೂ ಬೇಲಿಯಾಚೆಯೇ.

ಮೊದಲೆಲ್ಲ ನಾವು ಹೋದರೆ ಹೆಂಗಸರು ಶಾಲೆಯ ಜಗಲಿಯಲ್ಲಿ ಸೇರುತ್ತಿದ್ದರು. ತೂಕ, ಬಿ.ಪಿ. ಎಲ್ಲ ಆಗುತ್ತಿತ್ತು, ಆದರೆ ಅರ್ಧ ಹೊತ್ತು ಅತ್ತೆಯರ ಸುದ್ದಿ, ಗಂಡಂದಿರ ಸುದ್ದಿ. ಯಾರಿಗೆ ಏನು ತೊಂದರೆ ಎಂದು ಗೊತ್ತಾಗುತ್ತಿದ್ದುದು ಆ ಹರಟೆಯಲ್ಲೇ. ಈಗ ಫೋನು ಅಂದರೆ ಗಂಡಸರ ಫೋನು. ಸಿಗ್ನಲ್ ಸಿಗುವುದು ಊರ ಹಿಂದಿನ ದಿಬ್ಬದ ಮೇಲೆ ಮಾತ್ರ. ತುಂಬು ಬಸುರಿಯನ್ನು ಅಲ್ಲಿಗೆ ಹತ್ತಿಸುವುದು ಹೇಗೆ? ಹಾಗಾಗಿ ಹೆಂಗಸರ ಕಾರ್ಯಕ್ರಮಕ್ಕೆ ಗಂಡಸರು ಹಾಜರಾಗತೊಡಗಿದರು.

"ಹೆಂಡತಿ ಹೇಗಿದ್ದಾರೆ?"

"ಚೆನ್ನಾಗವ್ಳೆ ಮೇಡಂ."

"ತಲೆನೋವು ಅಂತಾರಾ?"

"ಇಲ್ಲ ಮೇಡಂ, ಚೆನ್ನಾಗವ್ಳೆ."

ಎಲ್ಲರದ್ದೂ ಒಂದೇ ರಾಗ. ಫೋನಿಟ್ಟು ನಾನು ರೇಗಾಡುತ್ತಿದ್ದರೆ ನಮ್ಮವರು ಪೇಪರಿನ ಹಿಂದಿನಿಂದಲೇ, "ನನ್ನನ್ನ ಕೇಳಿದ್ರೂ ಅಷ್ಟೇ ಹೇಳ್ತಿದ್ದೆ ಕಣೇ" ಅಂದರು. ಅದು ನಿಜವೇ. ಏನನ್ನು ನೋಡಬೇಕು ಎಂದು ಈ ಗಂಡಸರಿಗೆ ಯಾರು ಹೇಳಿಕೊಟ್ಟಿದ್ದರು?

ಮಾರನೆಯ ದಿನದಿಂದ ಪ್ರಶ್ನೆ ಬಿಟ್ಟು ಪಾಠ ಶುರು ಮಾಡಿದೆ. ಚೊಚ್ಚಲ ಬಸುರಿ ಹೆಂಡತಿಯಿದ್ದ ಒಬ್ಬನಿಗೆ, ಅವಳ ಮೊಳಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ನೋಡಲು ಹೇಳಿದೆ. ಗುಳಿ ಬಿದ್ದು ಹಾಗೇ ಉಳಿದರೆ ನನಗೆ ತಿಳಿಸಬೇಕು.

"ನಾನಾ ಮೇಡಂ? ಅವಳ ಕಾಲು ಮುಟ್ಟಿ?"

"ಮತ್ತೆ ನಾನು ಬಾಣಸವಾಡಿಯಿಂದ ಕೈ ಚಾಚ್ಲಾ?"

ನಾಚಿಕೊಂಡೇ ಒಪ್ಪಿದ. ಆಮೇಲೆ ದಿನಾ ದಿಬ್ಬ ಹತ್ತಿ ವರದಿ ಒಪ್ಪಿಸತೊಡಗಿದ. ಒಂದು ಬೆಳಿಗ್ಗೆ ಅವನ ದನಿಯೇ ಬೇರೆಯಾಗಿತ್ತು.

"ಮೇಡಂ, ಗುಳಿ ಏಳ್ತಾನೇ ಇಲ್ಲ. ಮುಖಾನೂ ಊದ್ಕೊಂಡೈತೆ. ಕಣ್ಣು ಮಂಜು ಮಂಜು ಅಂತಾಳೆ."

ಬಿ.ಪಿ. ಏರಿರಬೇಕು. ಹೀಗೇ ಬಿಟ್ಟರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರೂ ಹೋಗಬಹುದು. ಈಗಲೇ ಆಸ್ಪತ್ರೆಗೆ ಹೊರಡಿ ಅಂದೆ.

"ಬೇಲಿ ಐತಲ್ಲ ಮೇಡಂ. ಹಾಕ್ದೋರಲ್ಲಿ ನಾನೂ ಒಬ್ಬ. ಈಗ ನಾನೇ ಕಿತ್ರೆ ಊರೋರು ಬಿಡ್ತಾರಾ?"

"ಬೈದ್ರೆ ಬೈಸ್ಕೊಳ್ಳಿ. ಆಂಬುಲೆನ್ಸ್ ಕಳಿಸ್ತೀನಿ. ಅದು ಬರೋಷ್ಟರಲ್ಲಿ ಆ ಬೇಲಿ ಅಲ್ಲಿರಬಾರದು."

ಆಂಬುಲೆನ್ಸಿಗೆ ಹೇಳಿದ್ದಾಯಿತು. ಅವರನ್ನು ಹತ್ತಿಸಿಕೊಂಡೆ ಎಂದಷ್ಟೇ ಡ್ರೈವರು ತಿಳಿಸಿದ. ಆಮೇಲೆ ಎರಡು ದಿನ ಅವನ ಫೋನು ಸ್ವಿಚ್ ಆಫ್. ನನಗೆ ಅನ್ನ ಸೇರಲಿಲ್ಲ. ಹಳ್ಳಿಯವನೊಬ್ಬನ ಹೆಬ್ಬೆರಳು ನಂಬಿ ಒಂದು ಸಂಸಾರವನ್ನು ಊರು ಬಿಡಿಸಿದೆನಲ್ಲ, ತಪ್ಪಾಗಿದ್ದರೆ? ತಪ್ಪಾಗದೆ, ತಡವಾಗಿದ್ದರೆ? ಭಯದಲ್ಲಿ ನಮ್ಮವರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ.

ಮೂರನೆಯ ದಿನ ನಮ್ಮ ಬೀದಿಯಲ್ಲಿ ತಳ್ಳುಗಾಡಿಯ ಮುಂದೆ ತರಕಾರಿಗೆ ನಿಂತಿದ್ದಾಗ ಅವನ ನಂಬರು ಬಂತು.

"ಹೇಳಪ್ಪಾ" ಅಂದೆ.

"ನಾನು ಮೇಡಂ." ಹೆಣ್ಣು ದನಿ, ಸೋತುಹೋದ ದನಿ. ಆ ಊರಿನ ಹೆಂಗಸೊಬ್ಬಳ ದನಿ ಕೇಳಿ ತಿಂಗಳುಗಳೇ ಆಗಿದ್ದವು.

ಬಿ.ಪಿ. ಎಷ್ಟಿತ್ತು, ಕಣ್ಣು ಹೇಗಿದೆ, ಊತ ಇಳಿಯಿತಾ ಎಂದು ಒಂದೇ ಉಸಿರಿಗೆ ಕೇಳಿದೆ. ಊರಿನವರು ವಾಪಸ್ ಸೇರಿಸುತ್ತಾರಾ ಎಂದೂ ಕೇಳಿದೆ.

"ಅದೆಲ್ಲ ಆಮೇಲೆ ನೋಡಾನ. ಇಲ್ಲಿ ಕೇಳಿ ಮೇಡಂ" ಅಂದವಳು ಫೋನನ್ನು ಮಗುವಿನ ಬಾಯಿ ಹತ್ತಿರ ಹಿಡಿದಳು.

ಬೀದಿಯಲ್ಲೇ ಅತ್ತುಬಿಟ್ಟೆ. ಮಾಸ್ಕು ತೊಯ್ದುಹೋಯಿತು, ತೆಗೆಯುವ ಹಾಗಿರಲಿಲ್ಲ.