ಅಳುವ ಪಂಪಿನ ಪುಟ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಬೇರೇನೋ ಬರೆದು ಎದ್ದಿದ್ದೇನೆ. ಮನೆಯವರಿಗೂ ಹೇಳಿಲ್ಲ. ಬರೀ ಮೆಟ್ರಿಕ್ ಓದಿದವನಿಗೆ ಬರವಣಿಗೆ ಯಾಕೆ ಎಂಬ ನೆವವಿತ್ತು. ಈಗ ಆ ನೆವವೂ ಸಾಕಾಗಿದೆ.

ತೊಂಬತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ರೈತರು ಬೆನ್ನಿಗೆ ಕಟ್ಟಿಕೊಂಡು ಹತ್ತಿಗೆ ಔಷಧ ಹೊಡೆಯುವ ಪಂಪುಗಳನ್ನು ಅಲ್ಲಿ ಮಾಡುತ್ತಿದ್ದರು. ಯಾವ ಬಿಡಿಭಾಗ ತರಿಸಬೇಕೆಂಬುದು ನನ್ನ ತೀರ್ಮಾನ. ರೈತರು ಬರೆದ ಕಾರ್ಡುಗಳನ್ನೂ ನಾನೇ ಓದಿ, ತಂತಿಗೆ ಚುಚ್ಚಿ ಮರೆತುಬಿಡುತ್ತಿದ್ದೆ. ಆಮೇಲೆ ಕಾರ್ಖಾನೆಯ ಒಡೆಯರಾದ ಸಾವಕಾರರು ಪತ್ರಗಳನ್ನು ನೋಡಲೆಂದೇ ಒಬ್ಬ ಹೆಣ್ಣುಮಗಳನ್ನು ನೇಮಿಸಿದರು. ಬೆಂಗೇರಿಯಿಂದ ನಡೆದು ಬರುತ್ತಿದ್ದರು. ಎಲ್ಲರೂ ಅವರನ್ನು ಅಕ್ಕಾರ ಎನ್ನುತ್ತಿದ್ದೆವು.

ಅಕ್ಕಾರು ಆ ತಂತಿಯ ಕಾರ್ಡುಗಳನ್ನೆಲ್ಲ ಬಿಚ್ಚಿ ಒಂದೊಂದಕ್ಕೂ ನಂಬರು ಹಾಕಿದರು. ದಪ್ಪ ನೋಟ್‌ಬುಕ್ಕಿನ ಅಂಚನ್ನು ಮೆಟ್ಟಿಲಿನಂತೆ ಕತ್ತರಿಸಿ ಅ, ಆ, ಇ, ಈ ಬರೆದರು. ರೈತರ ಮಾತನ್ನು ಅವರು ತಿದ್ದುತ್ತಿರಲಿಲ್ಲ. ಒಬ್ಬ ತನ್ನ ಪಂಪು ‘ಅಳತೈತಿ’ ಎಂದಿದ್ದರೆ ಅದು ‘ಅ’ದಲ್ಲಿ, ಇನ್ನೊಬ್ಬ ‘ಬೆವರತೈತಿ’ ಎಂದಿದ್ದರೆ ‘ಬ’ದಲ್ಲಿ, ಮತ್ತೊಬ್ಬ ‘ಉಚ್ಚಿ ಹೊಯ್ತೈತಿ’ ಎಂದಿದ್ದರೆ ಅದೂ ‘ಉ’ದಲ್ಲಿ, ಸಂಕೋಚವಿಲ್ಲದೆ. ಮೂರೂ ಕಡೆಯಿಂದ ಒಂದೇ ಪುಟಕ್ಕೆ ದಾರಿ: ಸೋರಿಕೆ. ಅಲ್ಲಿ ಕಾರ್ಡಿನ ನಂಬರು, ಊರು, ಪಂಪು ಕೊಂಡು ಎಷ್ಟು ದಿನ, ಎಲ್ಲಿ ಒದ್ದೆ, ಎಲ್ಲ ಇರುತ್ತಿತ್ತು. ಏನು ಕೇಳಿದರೂ, ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಮೂಲ ಕಾರ್ಡುಗಳು ಮುಂದಿರುತ್ತಿದ್ದವು.

ಎಷ್ಟೋ ವರ್ಷಗಳ ನಂತರ ಆಫೀಸಿಗೆ ಕಂಪ್ಯೂಟರ್ ಬಂತು. ಪತ್ರಗಳನ್ನೆಲ್ಲ ಅದಕ್ಕೆ ತುಂಬಿದರು. ‘ಅಳತೈತಿ’ ಎಂದು ಹೊಡೆದರೆ ಅದು ಅಳುವ ಪಂಪುಗಳನ್ನಷ್ಟೇ ತೋರಿಸಿತು. ಬೆವರುವುದೂ ಅದೇ ಎಂದು ಅದಕ್ಕೆ ತಿಳಿಯಲಿಲ್ಲ. ಅಕ್ಕಾರಿಗೆ ತಿಳಿದಿತ್ತು.

ಕಂಪ್ಯೂಟರ್ ಬರುವುದಕ್ಕೂ ಎಷ್ಟೋ ಮೊದಲು, ಒಂದು ದಿನ ಅವರು ಸೋರಿಕೆಯ ಪುಟ ತೆರೆದು ಸಾವಕಾರರ ಮುಂದಿಟ್ಟರು.

“ಇವೆಲ್ಲಾ ಹೊಸಾ ವಾಷರ್ ಹಾಕಿದ ಪಂಪ ಅದಾವ್ರಿ. ಔಷಧ ಮಂದೀ ಬೆನ್ನಿಗೆ ಇಳ್ಯಾಕತ್ತೈತಿ.”

ಆ ರಬ್ಬರಿನ ವಾಷರನ್ನು ಆರಿಸಿದವನು ನಾನು.

“ಹಂಗೇನಿಲ್ರಿ ಸಾವಕಾರ್ರ,” ಎಂದೆ. “ಅಳೋದು ಬ್ಯಾರೆ, ಬೆವರೋದು ಬ್ಯಾರೆ. ಅಕ್ಕಾರ ಎಲ್ಲಾ ಕೂಡ್ಸಿ ಒಂದ ಗಂಟ ಕಟ್ಯಾರ.”

ಎರಡೂ ಒಂದೇ ಎಂದು ನನಗೆ ಗೊತ್ತಿತ್ತು. ಹಳಬನೆಂದು ಸಾವಕಾರರು ನನ್ನನ್ನು ನಂಬಿದರು. ಅಕ್ಕಾರನ್ನು ಪ್ಯಾಕಿಂಗಿಗೆ ಹಾಕಿದರು. ನೋಟ್‌ಬುಕ್ಕು ನನ್ನ ಕಪಾಟಿಗೆ ಬಂತು.

ಮರುವರ್ಷ ಪಂಪು ತೋರಿಸಲು ಸುಳ್ಳ ಎಂಬ ಹಳ್ಳಿಗೆ ಹೋಗಿದ್ದೆ. ಒಬ್ಬ ರೈತ ಅಂಗಿ ಕಳಚಿ ಬೆನ್ನು ತಿರುಗಿಸಿ ನಿಂತ. ಸೊಂಟದ ಮೇಲೆ ಅಂಗೈಯಗಲ ಚರ್ಮ ಸುಲಿದಿತ್ತು.

“ನಿಮ್ಮ ಪಂಪ ಭಾಳ ಅಳತೈತ್ರಿ ಸಾಹೇಬ್ರ. ತವರಮನಿ ಬಿಟ್ಟು ಬರೂ ಮುಂದ ನಮ್ಮಾಕಿನೂ ಇಷ್ಟ ಅತ್ತಿಲ್ಲ.” ಸುತ್ತಲಿನವರು ನಕ್ಕರು. “ಕಾರ್ಡ್ ಬರದಿದ್ನೆಲ್ರಿ. ಊರ ಹೆಸರು ಸುಳ್ಳ ಅಂತ ನಂಬಲಿಲ್ಲೇನು?”

ನನಗೆ ನಗು ಬರಲಿಲ್ಲ. ವಾಪಸು ಬಂದು ಕಪಾಟು ತೆಗೆದು ‘ಅ’ ನೋಡಿದೆ. ಅಲ್ಲಿಂದ ಸೋರಿಕೆಯ ಪುಟಕ್ಕೆ ಹೋದೆ. ‘ಸುಳ್ಳ. ಬೆನ್ನು, ಸೊಂಟದ ಮೇಲೆ. ಲಗೂ ನೋಡಬೇಕು.’ ಅಕ್ಕಾರ ದುಂಡು ಅಕ್ಷರ. ಆ ಪುಟವನ್ನು ನನ್ನ ಅಕ್ಷರದಲ್ಲಿ ಬೇರೆ ಹಾಳೆಗೆ ಇಳಿಸಿ ಸಾವಕಾರರ ಹತ್ತಿರ ಒಯ್ದು, ವಾಷರ್ ಬದಲಿಸಬೇಕೆಂದೆ.

“ಇಷ್ಟೆಲ್ಲಾ ಯಾವಾಗ ಹುಡುಕಿದಿ?” ಎಂದರು.

“ಬಿಡುವಾದಾಗ ನೋಡೀನ್ರಿ,” ಎಂದೆ.

ವಾಷರ್ ಬದಲಾಯಿತು. ಅಳುವ ಪಂಪಿನ ಕಾರ್ಡುಗಳು ನಿಂತವು. ಸಾವಕಾರರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಆ ಸದ್ದು ಪ್ಯಾಕಿಂಗಿನವರೆಗೂ ಕೇಳಿರಬೇಕು.

ಸಂಜೆ ಆ ಕಡೆ ಹೋದಾಗ ಅಕ್ಕಾರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ತಲೆ ಎತ್ತಿ ಒಂದೇ ಮಾತು ಕೇಳಿದರು.

“ಸುಳ್ಳದವರ ಬೆನ್ನ ಹೆಂಗೈತ್ರಿ ಈಗ?”

“ಕಡಿಮಿ ಆಗೇತ್ರಿ.”

“ಛಲೋ ಆತು ಬಿಡ್ರಿ.”

ಮತ್ತೆ ಹಗ್ಗಕ್ಕೆ ಬಗ್ಗಿದರು. ನಾನು ಆಮೇಲೆ ಸುಳ್ಳಕ್ಕೆ ಹೋಗಿ ಆ ಬೆನ್ನು ನೋಡಿಯೇ ಇರಲಿಲ್ಲ. ಒಂದು ಕಾರ್ಡಿನ ಮೇಲಷ್ಟೇ ಆ ಮನುಷ್ಯನನ್ನು ಕಂಡಿದ್ದ ಅವರು ವರ್ಷದ ಮೇಲೂ ಅವನನ್ನು ನೆನಪಿಟ್ಟಿದ್ದರು.

‘ತಪ್ಪಾತ್ರಿ’ ಎನ್ನಲು ಎರಡು ಹೆಜ್ಜೆ ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ನಾನು ಇಂದಿಗೂ ಕ್ಷಮೆ ಕೇಳದೆ ಉಳಿದದ್ದು ಅವರನ್ನೇ, ಬೆಂಗೇರಿಯಿಂದ ನಡೆದು ಬರುತ್ತಿದ್ದ ನಮ್ಮ ಅಕ್ಕಾರನ್ನು.