ಹಿಂದಿನ ರೆಕ್ಕೆಯ ಚುಕ್ಕೆ

ದರ್ಜಿಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಕೊರೆದ ಗುಳಿಯಿತ್ತು. ಉಗುರಿನ ಸಂದಿಯಲ್ಲಿ ಸದಾ ನೀಲಿ ಚಾಕ್‌ಪೀಸಿನ ಪುಡಿ. ಶಿವಾಜಿನಗರದ ಗಲ್ಲಿಯೊಂದರಲ್ಲಿ ವಾರಕ್ಕೆ ಆರು ದಿನ ಷರ್ಟು ಹೊಲಿಯುತ್ತಿದ್ದರು. ಭಾನುವಾರ ಬೆಳಿಗ್ಗೆ ಹಲಸೂರು ಕೆರೆಯ ದಂಡೆಯಲ್ಲಿ ಚಿಟ್ಟೆ ನೋಡುತ್ತಿದ್ದರು. ಕಂಡದ್ದನ್ನು ಗಿರಾಕಿಗಳ ಅಳತೆ ಬರೆಯುವಂಥ ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದನ್ನು ನಂಬಿ ಕಾಲೇಜು ವಿದ್ಯಾರ್ಥಿಗಳು ಅಂಗಡಿಗೆ ಬಂದು ನಕಲು ಮಾಡಿಕೊಳ್ಳುತ್ತಿದ್ದರು.

ಒಂದು ಭಾನುವಾರ ನಾನು ಅಲ್ಲಿ ಕಿತ್ತಳೆ ಬಣ್ಣದ ಚಿಟ್ಟೆಯೊಂದರ ಫೋಟೊ ತೆಗೆದೆ. ಮರುದಿನದ ನಮ್ಮ ಪತ್ರಿಕೆಗೆ ಬೇಕಿತ್ತು, ಪಕ್ಕದಲ್ಲಿದ್ದ ದರ್ಜಿಯನ್ನು ಅದರ ಹೆಸರು ಕೇಳಿದೆ. ಚಿಟ್ಟೆಯ ಕಡೆ ಒಮ್ಮೆ ನೋಡಿ ಪ್ಲೇನ್ ಟೈಗರ್ ಎಂದರು. ಹಾಗೇ ಅಚ್ಚಾಯಿತು.

ಸೋಮವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಪತ್ರಿಕೆ ಹಿಡಿದು ಕಚೇರಿಗೇ ಬಂದರು. ಅದು ಡನಾಯ್ಡ್ ಎಗ್‌ಫ್ಲೈ ಎಂಬ ಬೇರೆ ಚಿಟ್ಟೆಯ ಹೆಣ್ಣಂತೆ. ಪ್ಲೇನ್ ಟೈಗರ್ ಮರಿಹುಳು ಎಕ್ಕದೆಲೆ ತಿಂದು ವಿಷ ತುಂಬಿಕೊಳ್ಳುತ್ತದೆ. ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಗೋಣಿಸೊಪ್ಪು ತಿಂದು ಬೆಳೆಯುವ ಇದರಲ್ಲಿ ವಿಷವಿಲ್ಲ. ಪ್ಲೇನ್ ಟೈಗರ್‌ನ ಬಣ್ಣ ಹೊತ್ತೇ ಜೀವ ಉಳಿಸಿಕೊಳ್ಳುತ್ತದೆ. ಗುರುತು ಇರುವುದು ಹಿಂದಿನ ರೆಕ್ಕೆಯಲ್ಲಿ. ಪ್ಲೇನ್ ಟೈಗರ್‌ಗೆ ನಡುವೆ ಮೂರ್ನಾಲ್ಕು ಕಪ್ಪು ಚುಕ್ಕೆ. ಇದಕ್ಕೆ ನಡು ಖಾಲಿ, ಮೇಲಂಚಿನಲ್ಲಿ ಒಂದೇ ಚುಕ್ಕೆ. ಬಣ್ಣ ನೋಡಿದೆ, ಚುಕ್ಕೆ ಎಣಿಸಲಿಲ್ಲ ಎಂದು ಒಪ್ಪಿಕೊಂಡರು.

ಚಿಟ್ಟೆಯೇನೂ ನೋಟಿಸ್ ಕಳಿಸೋದಿಲ್ಲ ಬಿಡಿ ಎಂದು ನಮ್ಮ ಸುದ್ದಿ ಸಂಪಾದಕರು ನಕ್ಕರು. ದರ್ಜಿ ನಗಲಿಲ್ಲ.

“ಕಾಲರ್ ಉಲ್ಟಾ ಕೂತ್ರೆ ನಾನು ಬಿಚ್ತೀನಿ ಸಾರ್. ನೀವೂ ಬಿಚ್ಚಿ.”

ಎರಡು ಸಾಲಿನ ತಿದ್ದುಪಡಿ ಅಚ್ಚಾಯಿತು. ಅವರ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಹೀಗೆ ಹಿಂದೆ ಎಷ್ಟು ಸಲ ಬರೆದಿದ್ದೇನೋ ಎಂಬ ಸಂಶಯ ಹತ್ತಿತು. ಹನ್ನೊಂದು ವರ್ಷದ ಪುಸ್ತಕಗಳನ್ನು ತೆರೆದು, ಚುಕ್ಕೆ ಎಣಿಸಿದ ನೆನಪಿಲ್ಲದ ಪ್ರತಿ ಪ್ಲೇನ್ ಟೈಗರ್ ಪಕ್ಕ ಕೆಂಪು ದಾರದ ಒಂದು ಹೊಲಿಗೆ ಹಾಕಿದರು. ತಿಂಗಳುಗಟ್ಟಲೆ ಹಿಡಿಯಿತು. ಕೆಲವು ಪುಟಗಳು ಪೂರ್ತಿ ಕೆಂಪಾದವು. ಹೊಡೆದು ಹಾಕಬಹುದಿತ್ತಲ್ಲ ಎಂದೆ.

“ತಪ್ಪು ಅಂತ ಗೊತ್ತಿಲ್ವಲ್ಲ ಸಾರ್. ನೋಡಿಲ್ಲ ಅಂತ ಮಾತ್ರ ಗೊತ್ತು.”

ಆಮೇಲೆ ಬಂದ ವಿದ್ಯಾರ್ಥಿಗಳಿಗೆ ಮೊದಲು ಕೆಂಪು ದಾರ ತೋರಿಸಿ, ನಂತರ ಪುಸ್ತಕ ಕೊಡುತ್ತಿದ್ದರು.

ಕಳೆದ ವರ್ಷ ತೀರಿಕೊಂಡರು. ನಿಧನ ವಾರ್ತೆ ನಾನೇ ಬರೆದೆ. ವಯಸ್ಸು ಕೇಳಿದ್ದಕ್ಕೆ ಮಗ ಎಪ್ಪತ್ತೊಂದು ಎಂದರು, ದರ್ಜಿಯ ತಂಗಿ ಎಪ್ಪತ್ಮೂರು ಎಂದರು. ಎಪ್ಪತ್ತೆರಡು ಅಂತ ಹಾಕಿ ಎಂದರು ನಮ್ಮ ಕಚೇರಿಯಲ್ಲಿ ಪುಟ ಕಟ್ಟುವವರು.

ವಯಸ್ಸು ಹಾಕದೆ ಪುಟ ಕಳಿಸಿದೆ.